ದೇಶಗಳ ಜಗಳದಿಂದಲೇ ಜಗತ್ತು ಮುಂದೆ ಬಂತೇ? ಪುಣೆಯಲ್ಲಿ ನಿಂತು ನೋಡಿದರೆ

ಯುದ್ಧದ ಸುದ್ದಿ ಬಂದಾಗಲೆಲ್ಲ ಮನೆಮನೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ತಪ್ಪದೆ ಓಡಾಡುತ್ತದೆ. ಯುದ್ಧ ಕೆಟ್ಟದ್ದು ನಿಜ, ಆದರೆ ಅದು ಇಲ್ಲದೇ ಹೋಗಿದ್ದರೆ ಪೆನ್ಸಿಲಿನ್ ಬರುತ್ತಿರಲಿಲ್ಲ, ರಾಕೆಟ್ ಹಾರುತ್ತಿರಲಿಲ್ಲ, ಇಂಟರ್ನೆಟ್ಟೂ ಇರುತ್ತಿರಲಿಲ್ಲ ಅಂತ. 2022ರಲ್ಲಿ ಅಮೆರಿಕ ಚೀನಾಕ್ಕೆ ಮೇಲ್ದರ್ಜೆಯ ಚಿಪ್ ಮಾರುವುದಕ್ಕೆ ಕಡಿವಾಣ ಹಾಕಿದ ಮೇಲೆ ಈ ಮಾತು ಇನ್ನೂ ಜಾಸ್ತಿಯಾಗಿದೆ. ಪುಣೆ ಪಕ್ಕದ ಹಿಂಜವಡಿಯ ಐಟಿ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯ ಹುಡುಗರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆಯೂ ಹೌದು. ಯಾವ ಚಿಪ್ ಯಾರ ಕೈಗೆ ಸಿಗುತ್ತದೆ ಅನ್ನುವುದರ ಮೇಲೆ ಎಷ್ಟೋ ಜನರ ಕೆಲಸ ನಿಂತಿದೆ.

ಹಾಗಾದರೆ ಆ ಮಾತು ಎಷ್ಟು ನಿಜ? ಪುಣೆಯಲ್ಲಿರುವ ಕನ್ನಡಿಗರಿಗೆ ಇದನ್ನು ಪರೀಕ್ಷಿಸಿ ನೋಡಲು ಒಂದು ಅನುಕೂಲವಿದೆ. ಪಿಂಪ್ರಿಯಲ್ಲಿ ಪೆನ್ಸಿಲಿನ್ ತಯಾರಿಸಲೆಂದು ಕಟ್ಟಿದ ಕಾರ್ಖಾನೆಯಿದೆ. ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿ ಸೂಪರ್ ಕಂಪ್ಯೂಟರ್ ಕಟ್ಟಿದ ಸಿ-ಡ್ಯಾಕ್ ಹುಟ್ಟಿತು. ನಾಶಿಕ್ ರಸ್ತೆಯಲ್ಲಿ ಹೋದರೆ ನಾರಾಯಣಗಾಂವ್ ಹತ್ತಿರ ದೊಡ್ಡ ದೊಡ್ಡ ರೇಡಿಯೊ ಡಿಶ್‌ಗಳು ಕಾಣುತ್ತವೆ. ಮೂರರ ಹಿಂದೆಯೂ ದೇಶಗಳ ನಡುವಿನ ಪೈಪೋಟಿಯ ಕತೆಯಿದೆ. ಆದರೆ ಮೂರು ಕತೆಗಳೂ ಒಂದೇ ಉತ್ತರ ಕೊಡುವುದಿಲ್ಲ.

ಪ್ರಗತಿ ಅಂದರೆ ಒಂದೇ ಕೆಲಸವಲ್ಲ

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಹೊಸದೊಂದು ವಸ್ತು ನಮ್ಮ ಬದುಕಿಗೆ ಬರಬೇಕಾದರೆ ಮೂರು ಹಂತ ದಾಟಬೇಕು. ಯಾರಿಗೋ ಅದು ಹೊಳೆಯಬೇಕು. ಹೊಳೆದದ್ದನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ಬರಬೇಕು. ಆಮೇಲೆ ಅದು ಸಾಮಾನ್ಯ ಜನರ ಕೈಗೆ ಸೇರಬೇಕು. ಮೂರಕ್ಕೂ ಬೇಕಾಗುವುದು ಬೇರೆ ಬೇರೆ. ಮೊದಲನೆಯದಕ್ಕೆ ಕುತೂಹಲ, ಬಿಡುವು ಮತ್ತು ಬೇರೆಯವರೊಂದಿಗೆ ಮಾತು. ಎರಡನೆಯದಕ್ಕೆ ಹಣ, ಅವಸರ, ಸೋತರೂ ಪರವಾಗಿಲ್ಲ ಅನ್ನುವ ಧೈರ್ಯ. ಮೂರನೆಯದಕ್ಕೆ ಹಂಚಿಕೊಳ್ಳುವ ಮನಸ್ಸು.

"ಯುದ್ಧದಿಂದ ಪ್ರಗತಿ" ಅನ್ನುವವರು ಸಾಮಾನ್ಯವಾಗಿ ಎರಡನೆಯ ಹಂತವನ್ನು ನೋಡಿ ಇಡೀ ಕತೆ ಹೇಳಿಬಿಡುತ್ತಾರೆ. ಗೊಂದಲ ಹುಟ್ಟುವುದು ಇಲ್ಲೇ.

ಪಿಂಪ್ರಿಗೆ ಪೆನ್ಸಿಲಿನ್ ಬಂದ ದಾರಿ

ಪೆನ್ಸಿಲಿನ್ ಕಣ್ಣಿಗೆ ಬಿದ್ದದ್ದು 1928ರಲ್ಲಿ, ಲಂಡನ್ನಿನ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ. ಅಲೆಕ್ಸಾಂಡರ್ ಫ್ಲೆಮಿಂಗ್ ಬ್ಯಾಕ್ಟೀರಿಯಾ ಬೆಳೆಸಿದ್ದ ತಟ್ಟೆಯೊಂದಕ್ಕೆ ಬೂಷ್ಟು ಹಿಡಿಯಿತು. ಬೂಷ್ಟಿನ ಸುತ್ತ ಬ್ಯಾಕ್ಟೀರಿಯಾ ಸತ್ತಿತ್ತು. ಎರಡನೇ ಮಹಾಯುದ್ಧ ಶುರುವಾಗಲು ಇನ್ನೂ 11 ವರ್ಷ ಇತ್ತು. ಅಷ್ಟೂ ವರ್ಷ ಈ ಸಂಗತಿ ಹೆಚ್ಚುಕಡಿಮೆ ಮೂಲೆಯಲ್ಲಿ ಬಿದ್ದಿತ್ತು.

ಅದನ್ನು ಮತ್ತೆ ಎತ್ತಿಕೊಂಡವರು ಆಕ್ಸ್‌ಫರ್ಡಿನ ಹೊವಾರ್ಡ್ ಫ್ಲೋರಿ ಮತ್ತು ಎರ್ನ್ಸ್ಟ್ ಚೈನ್. ಫ್ಲೋರಿ ಆಸ್ಟ್ರೇಲಿಯಾದವರು. ಚೈನ್ ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ, 1933ರಲ್ಲಿ ಹಿಟ್ಲರನ ಕಾಟಕ್ಕೆ ಜರ್ಮನಿ ಬಿಟ್ಟು ಬಂದವರು. ಇಬ್ಬರೂ ಸೈನಿಕರಿಗಾಗಿ ಔಷಧ ಹುಡುಕಲು ಹೊರಟವರಲ್ಲ. ಸೂಕ್ಷ್ಮಜೀವಿಗಳು ಒಂದನ್ನೊಂದು ಹೇಗೆ ಕೊಲ್ಲುತ್ತವೆ ಅನ್ನುವ ಕುತೂಹಲದಿಂದ ಶುರುಮಾಡಿದ್ದರು. 1940ರ ಮೇ ತಿಂಗಳಲ್ಲಿ ಎಂಟು ಇಲಿಗಳಿಗೆ ಸೋಂಕು ತಗುಲಿಸಿ, ನಾಲ್ಕಕ್ಕೆ ಮಾತ್ರ ಪೆನ್ಸಿಲಿನ್ ಕೊಟ್ಟರು. ಆ ನಾಲ್ಕು ಬದುಕಿದವು. ಉಳಿದ ನಾಲ್ಕು ಬೆಳಗಾಗುವಷ್ಟರಲ್ಲಿ ಸತ್ತಿದ್ದವು.

ಆದರೆ ಔಷಧ ಮಾಡುವುದು ಹೇಗೆ? ಆಸ್ಪತ್ರೆಯ ಬೆಡ್‌ಪ್ಯಾನ್‌ಗಳಲ್ಲಿ ಬೂಷ್ಟು ಬೆಳೆಸಿದರು. 1941ರ ಫೆಬ್ರುವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವರಿಗೆ ಮೊದಲ ಬಾರಿ ಚಿಕಿತ್ಸೆ ಕೊಟ್ಟರು. ಸಾಯುವ ಸ್ಥಿತಿಯಲ್ಲಿದ್ದ ಮನುಷ್ಯ ಚೇತರಿಸಿಕೊಳ್ಳತೊಡಗಿದ. ಔಷಧ ಎಷ್ಟು ಕಡಿಮೆ ಇತ್ತೆಂದರೆ, ಅವನ ಮೂತ್ರದಿಂದಲೇ ಪೆನ್ಸಿಲಿನ್ ಮರಳಿ ತೆಗೆದು ಮತ್ತೆ ಚುಚ್ಚಿದರು. ಕೊನೆಗೆ ಅದೂ ಮುಗಿಯಿತು. ಅವನು ತೀರಿಕೊಂಡ.

ಯುದ್ಧ ಕೆಲಸಕ್ಕೆ ಬಂದದ್ದು ಇಲ್ಲಿ. ಬ್ರಿಟನ್ನಿನ ಕಾರ್ಖಾನೆಗಳಿಗೆ ಪುರುಸೊತ್ತಿರಲಿಲ್ಲ. ಫ್ಲೋರಿ ತಂಡ 1941ರಲ್ಲಿ ಅಮೆರಿಕಕ್ಕೆ ಹೋಯಿತು. ಇಲಿನಾಯ್ ರಾಜ್ಯದ ಪಿಯೋರಿಯಾ ಎಂಬ ಊರಿನ ಕೃಷಿ ಪ್ರಯೋಗಾಲಯದಲ್ಲಿ, ಗೋವಿನಜೋಳದ ಪಿಷ್ಟ ತೆಗೆದ ಮೇಲೆ ಉಳಿಯುವ ನೀರಿನಲ್ಲಿ ಈ ಬೂಷ್ಟು ಹುಲುಸಾಗಿ ಬೆಳೆಯುತ್ತದೆ ಅಂತ ಗೊತ್ತಾಯಿತು. ಅದೇ ಊರಿನ ಮಾರುಕಟ್ಟೆಯ ಕೊಳೆತ ಕರಬೂಜವೊಂದರಲ್ಲಿ ಇನ್ನೂ ಒಳ್ಳೆಯ ತಳಿ ಸಿಕ್ಕಿತು. ಅಮೆರಿಕ ಸರ್ಕಾರ ಹಣ ಸುರಿಯಿತು. ಒಂದರ ಮುಖ ಒಂದು ನೋಡದ ಔಷಧ ಕಂಪನಿಗಳನ್ನು ಒಟ್ಟಿಗೆ ಕೂರಿಸಿತು. 1944ರಲ್ಲಿ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಸೈನ್ಯ ಇಳಿಯುವ ಹೊತ್ತಿಗೆ ಗಾಯಾಳುಗಳಿಗೆ ಸಾಕಾಗುವಷ್ಟು ಪೆನ್ಸಿಲಿನ್ ತಯಾರಿತ್ತು.

ಒಲೆ ಜೋರು ಮಾಡಿದರೆ ದೋಸೆ ಬೇಗ ಬೇಯಬಹುದು. ಆದರೆ ಹಿಟ್ಟು ಹಿಂದಿನ ರಾತ್ರಿಯೇ ಹುದುಗಿರಬೇಕು, ಅಲ್ವಾ? ಯುದ್ಧ ಒಲೆ ಜೋರು ಮಾಡಿತು. ಹಿಟ್ಟು 1928ರಿಂದ ತಯಾರಾಗಿತ್ತು.

ಇನ್ನು ಮೂರನೆಯ ಹಂತ. ನಮ್ಮ ದೇಶದ ಜನರಿಗೆ ಇದು ಸಿಕ್ಕಿದ್ದು ಹೇಗೆ? ವಿಶ್ವ ಆರೋಗ್ಯ ಸಂಸ್ಥೆ ತಾಂತ್ರಿಕ ಸಹಾಯ ಕೊಟ್ಟಿತು. ಯುನಿಸೆಫ್ ಯಂತ್ರಗಳನ್ನು ಕೊಟ್ಟಿತು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಸ್ಥಾಪನೆಯಾಯಿತು. ಮರುವರ್ಷ ಪೆನ್ಸಿಲಿನ್ ತಯಾರಿಕೆ ಶುರುವಾಯಿತು. ಸರ್ಕಾರಿ ವಲಯದಲ್ಲಿ ಔಷಧ ತಯಾರಿಸಿದ ದೇಶದ ಮೊದಲ ಕಾರ್ಖಾನೆ ಅದು. ಈ ಕೊನೆಯ ಹೆಜ್ಜೆಯಲ್ಲಿ ಜಗಳದ ಪಾಲು ಏನೂ ಇರಲಿಲ್ಲ.

"ಕೊಡುವುದಿಲ್ಲ" ಅಂದಾಗ

ಪೈಪೋಟಿಯ ಪರವಾಗಿ ಗಟ್ಟಿಯಾಗಿ ನಿಲ್ಲುವ ಕತೆ ಸಿ-ಡ್ಯಾಕಿನದು. 1980ರ ದಶಕದಲ್ಲಿ ಭಾರತಕ್ಕೆ ದೊಡ್ಡ ಲೆಕ್ಕ ಮಾಡುವ ಕಂಪ್ಯೂಟರ್ ಬೇಕಿತ್ತು. ಮುಂಗಾರಿನ ಮುನ್ಸೂಚನೆಗೂ ಬೇಕು, ವಿಜ್ಞಾನಕ್ಕೂ ಬೇಕು. ಅಂಥದ್ದನ್ನು ಮಾಡುವುದರಲ್ಲಿ ಅಮೆರಿಕದ ಕ್ರೇ ಕಂಪನಿ ಮುಂದಿತ್ತು. ಮಳೆಯ ಲೆಕ್ಕ ಮಾಡುವ ಯಂತ್ರದಲ್ಲಿ ಅಣುಬಾಂಬಿನ ಲೆಕ್ಕವನ್ನೂ ಮಾಡಬಹುದು ಅನ್ನುವುದು ಅಮೆರಿಕದ ಅನುಮಾನ. ಕೇಳಿದ ದೊಡ್ಡ ಯಂತ್ರ ಸಿಗಲಿಲ್ಲ. ಚಿಕ್ಕದೊಂದನ್ನು ದೆಹಲಿಯ ಹವಾಮಾನ ಕೇಂದ್ರಕ್ಕೆ, ಷರತ್ತುಗಳನ್ನು ಹಾಕಿ ಕೊಟ್ಟರು.

1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಶುರುವಾಯಿತು. ವಿಜಯ್ ಭಟ್ಕರ್ ಅದರ ಮುಖ್ಯಸ್ಥರು. ಮೂರೇ ವರ್ಷದಲ್ಲಿ, 1991ರಲ್ಲಿ, ಪರಂ 8000 ಎಂಬ ಸೂಪರ್ ಕಂಪ್ಯೂಟರ್ ಹೊರಬಂತು. ತಂತ್ರ ಸರಳವಾದದ್ದೇ. ಒಂದೇ ಭಾರೀ ಯಂತ್ರದ ಬದಲು ಹಲವಾರು ಸಣ್ಣ ಪ್ರೊಸೆಸರ್‌ಗಳನ್ನು ಜೋಡಿಸುವುದು. ದೊಡ್ಡ ಲೆಕ್ಕವನ್ನು ತುಂಡುತುಂಡು ಮಾಡಿ ಎಲ್ಲವಕ್ಕೂ ಒಂದೇ ಸಲ ಹಂಚುವುದು. ಆ ಸಾಲಿನ ಒಂದು ಯಂತ್ರ, ಪರಂ ಪ್ರವೇಗ, ಇಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ತಡೆದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಅವಸರಕ್ಕೂ ಹಣಕ್ಕೂ ಆ ನಿರಾಕರಣೆಯೇ ಕಾರಣ, ಅದನ್ನು ಒಪ್ಪಲೇಬೇಕು. ಆದರೆ ಒಳಗೆ ಬಗ್ಗಿ ನೋಡಿ. ಪರಂ 8000ದಲ್ಲಿದ್ದ ಟ್ರಾನ್ಸ್‌ಪ್ಯೂಟರ್ ಎಂಬ ಪ್ರೊಸೆಸರ್‌ಗಳು ಬ್ರಿಟನ್ನಿನ ಇನ್ಮಾಸ್ ಕಂಪನಿಯವು. ಅಕ್ಕಪಕ್ಕದ ಪ್ರೊಸೆಸರ್‌ಗಳ ಜೊತೆ ಮಾತಾಡಲೆಂದೇ ವಿನ್ಯಾಸ ಮಾಡಿದವು. ಅವು ಮಾರುಕಟ್ಟೆಯಲ್ಲಿ ಸಿಗುತ್ತಿದ್ದವು. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲು ತೆರೆದಿತ್ತು. ಎಲ್ಲ ಬಾಗಿಲೂ ಮುಚ್ಚಿದರೆ ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವುದಕ್ಕೆ ಇಸ್ರೋದ ಕ್ರಯೋಜೆನಿಕ್ ಎಂಜಿನ್, ಅಂದರೆ ತೀರಾ ತಣ್ಣಗೆ ಮಾಡಿದ ದ್ರವ ಇಂಧನದಿಂದ ಓಡುವ ರಾಕೆಟ್ ಎಂಜಿನ್, ಉದಾಹರಣೆ. 1993ರಲ್ಲಿ ಅಮೆರಿಕದ ಒತ್ತಡಕ್ಕೆ ರಷ್ಯಾ ತಂತ್ರಜ್ಞಾನ ಕೊಡುವುದರಿಂದ ಹಿಂದೆ ಸರಿಯಿತು. ನಮ್ಮದೇ ಎಂಜಿನ್ ಹೊತ್ತ ಜಿಎಸ್ಎಲ್‌ವಿ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ನಡುವೆ 20 ವರ್ಷ. ಆ ವರ್ಷಗಳನ್ನು ಗಳಿಕೆ ಅನ್ನಬೇಕೋ ನಷ್ಟ ಅನ್ನಬೇಕೋ ಎಂದು ತಿಳಿದವರಲ್ಲೇ ಎರಡು ಅಭಿಪ್ರಾಯವಿದೆ.

ಸಿ-ಡ್ಯಾಕಿನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಲ್ಲಿಯ ಜಿಸ್ಟ್ ತಂಡ ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತಂದಿತು. ಐಐಟಿ ಕಾನ್ಪುರದಲ್ಲಿ ಶುರುವಾದ ಕೆಲಸ ಅದು. ಆ ಕಾಲದ ಇಸ್ಕಿ ಎಂಬ ಅಕ್ಷರ ಸಂಕೇತದ ಆಧಾರದ ಮೇಲೆಯೇ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡಿನಲ್ಲಿ ನಮ್ಮ ಕನ್ನಡ ಅಕ್ಷರಗಳಿಗೆ ಜಾಗ ಸಿಕ್ಕಿತು. ನೀವೀಗ ಓದುತ್ತಿರುವ ಸಾಲುಗಳು ಪರದೆಯ ಮೇಲೆ ಮೂಡಲು ಅದೂ ಒಂದು ಕಾರಣ. ಅದಕ್ಕೆ ಯಾವ ಶತ್ರುವೂ ಬೇಕಾಗಿರಲಿಲ್ಲ.

ಶತ್ರು ಅಂದುಕೊಂಡದ್ದು ಸೂರ್ಯನನ್ನು

ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕವಿದೆ. ಒಟ್ಟು 30 ಡಿಶ್‌ಗಳು, ಒಂದೊಂದರ ಅಗಲ 45 ಮೀಟರ್. ಕೆಲವು ಒಂದೇ ಕಡೆ ಗುಂಪಾಗಿವೆ, ಉಳಿದವು ಮೂರು ದಿಕ್ಕಿಗೆ ಹಳ್ಳಿಗಳ ಹೊಲಗಳ ನಡುವೆ ಹರಡಿಕೊಂಡಿವೆ. ಆಕಾಶದಿಂದ ಬರುವ ತೀರಾ ಕ್ಷೀಣವಾದ ರೇಡಿಯೊ ಅಲೆಗಳನ್ನು ಹಿಡಿಯುವುದು ಅವುಗಳ ಕೆಲಸ. ಹತ್ತಿರ ಹೋದರೆ ಮೊಬೈಲ್ ಆಫ್ ಮಾಡಿಸುತ್ತಾರೆ. ಫೆಬ್ರುವರಿ 28ರ ವಿಜ್ಞಾನ ದಿನದ ಹೊತ್ತಿಗೆ ಸಾರ್ವಜನಿಕರಿಗೆ ಪ್ರವೇಶವಿರುತ್ತದೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಈ ವಿಜ್ಞಾನ ಬೆಳೆದದ್ದು ಯುದ್ಧದ ನೆರಳಿನಲ್ಲಿ. 1942ರ ಫೆಬ್ರುವರಿಯಲ್ಲಿ ಎರಡು ದೊಡ್ಡ ಜರ್ಮನ್ ಯುದ್ಧನೌಕೆಗಳು ಬ್ರಿಟನ್ನಿನ ರಡಾರ್‌ಗಳಿಗೆ ಮಂಕುಬೂದಿ ಎರಚಿ ಇಂಗ್ಲಿಷ್ ಕಾಲುವೆ ದಾಟಿಹೋದವು. ಗಾಬರಿಯಾದ ಸೈನ್ಯ ಸ್ಟ್ಯಾನ್ಲಿ ಹೇ ಎಂಬ ವಿಜ್ಞಾನಿಗೆ ಈ ಅಡ್ಡಿಗಳ ತನಿಖೆ ಒಪ್ಪಿಸಿತು. ಅದೇ ತಿಂಗಳ ಕೊನೆಗೆ ರಡಾರ್‌ಗಳಲ್ಲಿ ಮತ್ತೆ ಭಾರೀ ಗದ್ದಲ. ಶತ್ರುವಿನದೇ ಕೆಲಸ ಅಂತ ಎಲ್ಲರೂ ಅಂದುಕೊಂಡರು. ಹೇ ಗಮನಿಸಿದಾಗ ಗದ್ದಲ ಹಗಲು ಹೊತ್ತಿನಲ್ಲಿ ಮಾತ್ರ ಇತ್ತು, ಅದರ ದಿಕ್ಕು ಸೂರ್ಯನ ಜೊತೆಗೇ ಸರಿಯುತ್ತಿತ್ತು. ಗ್ರೀನಿಚ್ ವೀಕ್ಷಣಾಲಯವನ್ನು ವಿಚಾರಿಸಿದರೆ, ಸೂರ್ಯನ ಮೇಲೆ ದೊಡ್ಡ ಕಲೆಗಳ ಗುಂಪು ಕಾಣಿಸಿಕೊಂಡಿತ್ತು. ಸೂರ್ಯ ರೇಡಿಯೊ ಅಲೆಗಳನ್ನು ಹೊಮ್ಮಿಸುತ್ತಾನೆ ಅನ್ನುವುದು ಗೊತ್ತಾದದ್ದು ಹೀಗೆ.

ಆದರೆ ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ. ಸೈನ್ಯದ ಗುಟ್ಟು. ಹೇ ಅವರ ಬರಹ ಪತ್ರಿಕೆಯಲ್ಲಿ ಬಂದದ್ದು 1946ರಲ್ಲಿ. ಇತ್ತ ಅಮೆರಿಕದಲ್ಲಿ ಜಾರ್ಜ್ ಸೌತ್‌ವರ್ತ್ ಎಂಬುವರು ಅದೇ 1942ರಲ್ಲಿ ಸೂರ್ಯನ ರೇಡಿಯೊ ಅಲೆ ಹಿಡಿದಿದ್ದರು. ಅವರೂ ಬಾಯಿ ಮುಚ್ಚಿಕೊಂಡಿರಬೇಕಾಯಿತು. ಒಂದೇ ಪಕ್ಷದಲ್ಲಿದ್ದ ಎರಡು ದೇಶಗಳಲ್ಲಿ ಒಂದೇ ಕೆಲಸ ಎರಡೆರಡು ಸಲ ಆಯಿತು. ಇನ್ನೊಂದು ಸಂಗತಿ: ಆಕಾಶದಿಂದ ರೇಡಿಯೊ ಅಲೆ ಬರುತ್ತದೆ ಅಂತ ಕಾರ್ಲ್ ಜಾನ್ಸ್ಕಿ 1930ರ ದಶಕದ ಆರಂಭದಲ್ಲೇ ಕಂಡುಹಿಡಿದಿದ್ದರು. ಅವರು ಹುಡುಕುತ್ತಿದ್ದದ್ದು ದೂರದ ಟೆಲಿಫೋನ್ ಕರೆಗಳಲ್ಲಿ ಕೇಳುವ ಗುರುಗುರು ಸದ್ದಿನ ಮೂಲವನ್ನು. ಶಾಂತಿಕಾಲದ, ಸುಮ್ನೆ ಒಂದು ಕಂಪನಿಯ ಕೆಲಸ.

ಯುದ್ಧ ಮುಗಿದ ಮೇಲೆ ಸಿಡ್ನಿಯ ರಡಾರ್ ಎಂಜಿನಿಯರ್‌ಗಳು ಆಕಾಶದ ಕಡೆ ತಿರುಗಿದರು. 1953ರಲ್ಲಿ ಗೋವಿಂದ ಸ್ವರೂಪ್ ಎಂಬ ಭಾರತೀಯ ಯುವಕ ಅಲ್ಲಿಗೆ ಕಲಿಯಲು ಹೋದರು. ಕೆಲಸ ಮುಗಿಸಿ ಮೂಲೆ ಸೇರಿದ್ದ 32 ಪುಟ್ಟ ಡಿಶ್‌ಗಳನ್ನು ಆಸ್ಟ್ರೇಲಿಯಾ ಭಾರತಕ್ಕೆ ಉಡುಗೊರೆಯಾಗಿ ಕೊಟ್ಟಿತು. 1965ರಲ್ಲಿ ಅವು ಮುಂಬೈ ಪಕ್ಕದ ಕಲ್ಯಾಣದಲ್ಲಿ ನಿಂತವು. ಹೌದು, ದಿನಾ ಲೋಕಲ್ ಹಿಡಿಯಲು ನಮ್ಮವರು ಓಡುವ ಅದೇ ಕಲ್ಯಾಣ. ಅಲ್ಲಿಂದ ಊಟಿ, ಊಟಿಯಿಂದ ಖೋಡದ್. 2023ರಲ್ಲಿ ಗುರುತ್ವ ಅಲೆಗಳ, ಅಂದರೆ ಆಕಾಶ-ಕಾಲದಲ್ಲೇ ಏಳುವ ಅಲೆಗಳ, ಸುಳಿವು ಸಿಕ್ಕಿದೆ ಎಂದು ಯುರೋಪಿನ ವಿಜ್ಞಾನಿಗಳು ಪ್ರಕಟಿಸಿದಾಗ ಖೋಡದ್‌ನ ಮಾಹಿತಿಯೂ ಅದರಲ್ಲಿ ಸೇರಿತ್ತು.

ಯುದ್ಧ ಉಪಕರಣ ಕೊಟ್ಟಿತು, ಜೊತೆಗೆ ಬಾಯಿಗೆ ಬೀಗವನ್ನೂ ಹಾಕಿತು. ಬೀಗ ತೆಗೆದ ಮೇಲೆ ವಿಜ್ಞಾನ ಬೆಳೆಯಿತು.

ಒಬ್ಬ ರಾಜ ಬೇಡ ಅಂದರೆ ಇನ್ನೊಬ್ಬ

ಪೈಪೋಟಿಯ ಪರವಾಗಿ ಇತಿಹಾಸಕಾರರು ಹೇಳುವ ಬೇರೆಯದೇ ವಾದವೊಂದಿದೆ. ಅದು ಯುದ್ಧದ್ದಲ್ಲ, ಹಲವು ಬಾಗಿಲುಗಳದ್ದು. ಚೀನಾದ ಜೆಂಗ್ ಹೆ 1405ರಿಂದ 1433ರವರೆಗೆ ಭಾರೀ ನೌಕಾಪಡೆಯೊಂದಿಗೆ ಕಲ್ಲಿಕೋಟೆ, ಆಫ್ರಿಕಾದವರೆಗೂ ಬಂದ. ಆಮೇಲೆ ಆಸ್ಥಾನ ಸಾಕು ಅಂದಿತು. ಇಡೀ ಸಾಮ್ರಾಜ್ಯಕ್ಕೆ ಒಬ್ಬನೇ ದೊರೆ, ಅಲ್ಲಿಗೆ ಕತೆ ಮುಗಿಯಿತು. ಕೊಲಂಬಸ್‌ಗೆ ಪೋರ್ಚುಗಲ್ ಇಲ್ಲ ಅಂದಾಗ ಸ್ಪೇನ್ ಹೂಂ ಅಂದಿತು. ಅದರ ಪೈಪೋಟಿಯಲ್ಲಿ ಪೋರ್ಚುಗಲ್ ಆಫ್ರಿಕಾ ಸುತ್ತುವ ತನ್ನ ದಾರಿಯಲ್ಲೇ ಮುಂದುವರಿದು 1498ರಲ್ಲಿ ಕಲ್ಲಿಕೋಟೆ ಮುಟ್ಟಿತು.

ಈ ವಾದದಲ್ಲಿ ಹುರುಳಿದೆ. ಆದರೆ ಆ ಪೈಪೋಟಿಯ ಮುಂದಿನ ಹೆಜ್ಜೆ ಗೋವಾ. 1510ರಲ್ಲಿ ಅಲ್ಬುಕರ್ಕ್ ಅದನ್ನು ಬಿಜಾಪುರದ ಆದಿಲಶಾಹಿಯಿಂದ ಕಿತ್ತುಕೊಂಡ. ಪೋರ್ಚುಗೀಸರು ಅಲ್ಲಿಂದ ಹೊರಟದ್ದು 1961ರಲ್ಲಿ. ಯುರೋಪಿನ ನಕಾಶೆಯಲ್ಲಿ ಪ್ರಗತಿ ಅಂತ ಬರೆದದ್ದು ನಮ್ಮ ಕರಾವಳಿಯಲ್ಲಿ ನಾಲ್ಕೂವರೆ ಶತಮಾನದ ಪರರಾಜ್ಯ.

ಲೆಕ್ಕಕ್ಕೆ ಸೇರದ ಖರ್ಚು

ರಾಕೆಟ್ಟಿನ ಕತೆ ಕನ್ನಡಿಗರಿಗೆ ಗೊತ್ತಿರುವುದೇ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಕಬ್ಬಿಣದ ಕೊಳವೆಯ ರಾಕೆಟ್ ಹಾರಿಸುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹಾಳು ಬಾವಿಯೊಂದರಿಂದ ಅಂಥ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳನ್ನು ಹೊರತೆಗೆದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ ಅದನ್ನು ಸುಧಾರಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅವುಗಳಿಂದ ಹೊತ್ತಿ ಉರಿಯಿತು. ಆ ಜ್ಞಾನವನ್ನು ಹುಟ್ಟಿಸಿದ ಕಮ್ಮಾರರ ಕೈಗೆ ಏನು ಬಂತು? ಏನೂ ಇಲ್ಲ.

1944ರ ಸೆಪ್ಟೆಂಬರಿನಲ್ಲಿ ಜರ್ಮನಿಯ ವಿ-2 ರಾಕೆಟ್ ಲಂಡನ್ನಿನ ಮೇಲೆ ಬಿತ್ತು. ಅದನ್ನು ರೂಪಿಸಿದ ವೆರ್ನರ್ ವಾನ್ ಬ್ರೌನ್ ಮುಂದೆ ಅಮೆರಿಕದ ಚಂದ್ರಯಾನದ ಸ್ಯಾಟರ್ನ್ ರಾಕೆಟ್ ಕಟ್ಟಿದವರು. ಇಷ್ಟು ಎಲ್ಲರಿಗೂ ಗೊತ್ತು. ವಿ-2 ತಯಾರಾದದ್ದು ಡೋರಾ ಎಂಬ ನಾಜಿ ಸೆರೆಶಿಬಿರದ ಸುರಂಗಗಳಲ್ಲಿ, ಕೈದಿಗಳ ಕೈಯಿಂದ. ಆ ಶಿಬಿರಕ್ಕೂ ಅದರ ಉಪಶಿಬಿರಗಳಿಗೂ ದಬ್ಬಲಾದ ಸುಮಾರು 60,000 ಜನರಲ್ಲಿ ಮೂರನೇ ಒಂದರಷ್ಟು ಮಂದಿ ಸತ್ತರು. ರಾಕೆಟ್ ಬಿದ್ದು ಸತ್ತವರಿಗಿಂತ ಅದನ್ನು ಮಾಡುತ್ತಾ ಸತ್ತವರೇ ಜಾಸ್ತಿ. ಪ್ರಗತಿಯ ಪಟ್ಟಿ ಮಾಡುವಾಗ ಇದನ್ನು ಬಿಟ್ಟುಬಿಡುವುದು ನನಗೆ ನ್ಯಾಯ ಅನ್ನಿಸುವುದಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ನಷ್ಟವಿದೆ. ಧಾತುಗಳಿಗೆ ಪರಮಾಣು ಸಂಖ್ಯೆ ಹೇಗೆ ಕೊಡಬೇಕು ಅಂತ ಪ್ರಯೋಗದಿಂದ ತೋರಿಸಿದ ಹೆನ್ರಿ ಮೋಸ್ಲಿ 1915ರಲ್ಲಿ ಗಲಿಪೊಲಿ ಯುದ್ಧದಲ್ಲಿ ಗುಂಡೇಟಿಗೆ ಸತ್ತ. ವಯಸ್ಸು 27. ಅವನು ಬದುಕಿದ್ದರೆ ಏನೇನು ಕಂಡುಹಿಡಿಯುತ್ತಿದ್ದ ಅನ್ನುವುದಕ್ಕೆ ಯಾವ ಲೆಕ್ಕದ ಪುಸ್ತಕದಲ್ಲೂ ಕಾಲಂ ಇಲ್ಲ.

ಪೈಪೋಟಿಯಿಂದ ಬಂದ ಹಣ ಪೈಪೋಟಿ ಮುಗಿದರೆ ನಿಲ್ಲುತ್ತದೆ, ಅದೂ ನೆನಪಿರಲಿ. 1957ರಲ್ಲಿ ಸೋವಿಯತ್ ಸ್ಪುಟ್ನಿಕ್ ಹಾರಿತು, 1969ರಲ್ಲಿ ಅಮೆರಿಕನ್ನರು ಚಂದ್ರನ ಮೇಲೆ ಇಳಿದರು. 1960ರ ದಶಕದ ನಡುವೆ ಅಮೆರಿಕದ ಕೇಂದ್ರ ಬಜೆಟ್ಟಿನ ಶೇ 4ಕ್ಕೂ ಹೆಚ್ಚು ಹಣ ನಾಸಾಕ್ಕೆ ಹೋಗುತ್ತಿತ್ತು. 1975ರ ಹೊತ್ತಿಗೆ ಅದು ಶೇ 1ರ ಆಸುಪಾಸಿಗೆ ಇಳಿಯಿತು.

ಜಗಳದ ನಡುವೆಯೇ ಕೈಜೋಡಿಸಿದ್ದು

ಸಿಡುಬು ನೆನಪಿದೆಯೇ? ಹಳೆಯ ಮಂದಿ "ಅಮ್ಮ" ಅನ್ನುತ್ತಿದ್ದರು. ಮುಖದ ಮೇಲೆ ಕಲೆ ಉಳಿದ ಅಜ್ಜ ಅಜ್ಜಿಯರನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಈ ರೋಗವನ್ನು ಭೂಮಿಯಿಂದಲೇ ಅಳಿಸೋಣ ಅಂತ 1958ರಲ್ಲಿ ಪ್ರಸ್ತಾಪ ಇಟ್ಟವರು ಸೋವಿಯತ್ ಒಕ್ಕೂಟದ ವಿಕ್ಟರ್ ಝ್ದಾನೊವ್. ಇಟ್ಟದ್ದು ಅಮೆರಿಕದ ನೆಲದಲ್ಲಿ, ಮಿನಿಯಾಪೊಲಿಸ್ ನಗರದಲ್ಲಿ ನಡೆದ ವಿಶ್ವ ಆರೋಗ್ಯ ಸಭೆಯಲ್ಲಿ. 1967ರಿಂದ ಅಭಿಯಾನದ ಮುಂದಾಳು ಅಮೆರಿಕದ ಡೊನಾಲ್ಡ್ ಹೆಂಡರ್ಸನ್. ಲಸಿಕೆಯ ದೊಡ್ಡ ಪಾಲು ಸೋವಿಯತ್ತಿನಿಂದ. ಭಾರತದಲ್ಲಿ ಕೊನೆಯ ರೋಗಿ ಕಾಣಿಸಿದ್ದು 1975ರಲ್ಲಿ. 1980ರಲ್ಲಿ ಸಿಡುಬು ಇಲ್ಲವಾಯಿತು ಎಂದು ಘೋಷಣೆಯಾಯಿತು. ಎರಡೂ ದೇಶಗಳು ಒಂದರ ಕಡೆಗೊಂದು ಅಣುಬಾಂಬು ಗುರಿಯಿಟ್ಟು ಕೂತಿದ್ದ ಕಾಲದಲ್ಲೇ ಇದೆಲ್ಲ ನಡೆಯಿತು.

ಇಂಟರ್ನೆಟ್ಟಿನದೂ ಎರಡು ಎಳೆಯ ಕತೆ. ಸ್ಪುಟ್ನಿಕ್ ಹಾರಿದ ಗಾಬರಿಯಲ್ಲಿ ಅಮೆರಿಕ 1958ರಲ್ಲಿ ಆರ್ಪಾ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆ ಕಟ್ಟಿತು. 1969ರ ಆರ್ಪಾನೆಟ್ ಅದರ ಹಣದಿಂದ ಬಂತು. ಆದರೆ ನಾವು ದಿನಾ ಬಳಸುವ ವೆಬ್ ಹುಟ್ಟಿದ್ದು ಜಿನೀವಾ ಬಳಿಯ ಸರ್ನ್‌ನಲ್ಲಿ, 1989ರಲ್ಲಿ. ಸರ್ನ್ ಅಂದರೆ 1954ರಲ್ಲಿ ಯುರೋಪಿನ 12 ದೇಶಗಳು ಸೇರಿ ಕಟ್ಟಿದ ಪ್ರಯೋಗಾಲಯ. ಹತ್ತು ವರ್ಷದ ಹಿಂದೆ ಅವುಗಳಲ್ಲಿ ಹಲವು ಪರಸ್ಪರ ಬಾಂಬು ಹಾಕುತ್ತಿದ್ದವು. 1993ರಲ್ಲಿ ಸರ್ನ್ ವೆಬ್ಬನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು, ಒಂದು ಪೈಸೆ ಕೇಳದೆ.

ಈಗಿನ ಚಿಪ್ ಜಗಳ

ತೀವ್ರ ಅತಿನೇರಳೆ ಬೆಳಕಿನಿಂದ ಅತಿ ಸೂಕ್ಷ್ಮ ಚಿಪ್ ಕೆತ್ತುವ ಇಯುವಿ ಯಂತ್ರಗಳನ್ನು ಮಾಡುವ ಕಂಪನಿ ಜಗತ್ತಿನಲ್ಲಿ ಒಂದೇ, ನೆದರ್‌ಲೆಂಡ್ಸಿನ ಎಎಸ್‌ಎಂಎಲ್. ಅದರ ಕನ್ನಡಿಗಳು ಜರ್ಮನಿಯ ಝೈಸ್ ಕಂಪನಿಯವು. ಬೆಳಕಿನ ಮೂಲದ ತಂತ್ರ ಅಮೆರಿಕದ ಸ್ಯಾನ್ ಡಿಯಾಗೊದ್ದು. ಈ ವಿಧಾನದಿಂದ ಚಿತ್ರ ಮೂಡಿಸಬಹುದು ಅಂತ 1980ರ ದಶಕದಲ್ಲಿ ಮೊದಲು ತೋರಿಸಿದವರು ಜಪಾನಿನ ಹಿರೊ ಕಿನೊಶಿತಾ. ಆಮೇಲೆ ಕೆಲಸ ಮುಂದುವರಿದ ಪ್ರಯೋಗಾಲಯಗಳಲ್ಲಿ ಅಣ್ವಸ್ತ್ರ ಮಾಡುವ ಅಮೆರಿಕದ ಲಿವರ್‌ಮೋರ್ ಕೂಡ ಒಂದು. ಯಂತ್ರ ಹೆಚ್ಚು ದುಡಿಯುವುದು ತೈವಾನಿನಲ್ಲಿ. ಹೊಳೆದದ್ದು ಒಂದೆಡೆ, ಹಣ ಬಂದದ್ದು ಇನ್ನೊಂದೆಡೆ, ಬಳಕೆ ಮತ್ತೊಂದೆಡೆ.

ಈ ಯಂತ್ರ ಚೀನಾಕ್ಕೆ ಹೋಗದಂತೆ ತಡೆಯಲಾಗಿದೆ. ಪರಂ ಕತೆಯಲ್ಲಾದ ಹಾಗೆ ಅಲ್ಲೂ ಅವಸರ ಹೆಚ್ಚಿದೆ, ಸರ್ಕಾರದ ಹಣ ಹರಿಯುತ್ತಿದೆ. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ಕಂಪನಿ ತನ್ನ ಎಐ ಮಾದರಿ ಆರ್1 ಅನ್ನು ಹೊರತಂದಿತು. ಅದರ ತಳಹದಿಯ ಮಾದರಿಯನ್ನು, ನಿರ್ಬಂಧಕ್ಕೆ ತಕ್ಕಂತೆ ಶಕ್ತಿ ತಗ್ಗಿಸಿದ ಚಿಪ್‌ಗಳಲ್ಲೇ ಕಟ್ಟಿದ್ದರು. ಕಡಿಮೆ ಸಾಮಗ್ರಿಯಲ್ಲಿ ಹೆಚ್ಚು ಕೆಲಸ ತೆಗೆಯುವ ತಂತ್ರಗಳನ್ನು ಹುಡುಕಬೇಕಾಯಿತು, ಹುಡುಕಿದರು. ಆ ತಂತ್ರಗಳನ್ನು ಬರೆದು ಪ್ರಕಟಿಸಿದರು. ಮಾದರಿಯನ್ನೂ ಮುಕ್ತವಾಗಿ ಬಿಟ್ಟರು. ಅದನ್ನು ಇಳಿಸಿಕೊಂಡು ಬಿಚ್ಚಿ ನೋಡಲು ಕ್ಯಾಲಿಫೋರ್ನಿಯಾದ ಎಂಜಿನಿಯರಿಗೂ ಹಿಂಜವಡಿಯ ಎಂಜಿನಿಯರಿಗೂ ಯಾರ ಅಪ್ಪಣೆಯೂ ಬೇಕಿರಲಿಲ್ಲ.